ಗೂಳೂರಿನ ಗಣಪತಿಯೂ ಸ್ವಿಚರಿನ ಸಾಲುಗಳೂ

ತುಮಕೂರಿನಿಂದ ಕುಣಿಗಲ್ಲಿನ ಕಡೆಗೆ ಹೊರಟವನಿಗೆ, ನಗರದ ಗದ್ದಲವು ಹಿಂದೆ ಸರಿದು ತೆಂಗಿನ ತೋಟಗಳು ಕಾಣತೊಡಗುವಷ್ಟರಲ್ಲಿಯೇ ಎದುರಾಗುವ ಗೂಳೂರು, ತನ್ನ ಮಹಾಗಣಪತಿಯ ದೆಸೆಯಿಂದ ಸುತ್ತಣ ಸೀಮೆಗೆಲ್ಲ ಪರಿಚಿತವಾದ ಗ್ರಾಮ. ಬೇರೆ ಊರುಗಳಲ್ಲಿ ಭಾದ್ರಪದದ ಚೌತಿಯಂದು ಗಣಪತಿಯು ಪೂಜೆಗೊಳ್ಳುತ್ತಾನಾದರೆ, ಇಲ್ಲಿ ಆ ದಿನವು ಮೂರ್ತಿಯ ನಿರ್ಮಾಣಕ್ಕೆ ಆರಂಭದ ದಿನ. ಕೆರೆಯ ಮಣ್ಣಿನಿಂದ ದೇವಾಲಯದೊಳಗೇ ದಿನದಿನಕ್ಕೆ ಬೆಳೆದು, ಸುಮಾರು 12 ಅಡಿ ಎತ್ತರದ ಬೃಹನ್ಮೂರ್ತಿಯಾಗಿ, ದೀಪಾವಳಿಯ ಬಲಿಪಾಡ್ಯಮಿಯಂದು ಪೂಜೆಗೆ ಸಿದ್ಧನಾಗುವ ಈ ಗಣಪತಿಯು, ಕಾರ್ತಿಕಮಾಸವೆಲ್ಲ ಭಕ್ತರಿಗೆ ದರ್ಶನವಿತ್ತು, ಕಡೆಯಲ್ಲಿ ಹದಿನೆಂಟು ಕೋಮಿನವರೂ ಕೂಡಿ ನಡೆಸುವ ಜಾತ್ರೆಯಲ್ಲಿ ಊರ ಬೀದಿಗಳನ್ನು ಸುತ್ತಿ, ಸಿಡಿಮದ್ದಿನ ಬೆಳಕಿನಲ್ಲಿ ಊರ ಕೆರೆಯಲ್ಲಿಯೇ ಕರಗುತ್ತಾನೆ.

ಆ ಜಾತ್ರೆಯನ್ನು ನೋಡಬಯಸುವವರು ಎಲ್ಲರೂ ಒಂದೇ ಸ್ಥಳದಲ್ಲಿ ನಿಂತವರಲ್ಲ. ದೇವಾಲಯದ ಬಾಗಿಲಲ್ಲಿ ಕಿಕ್ಕಿರಿದವನಿಗೆ ಮೂರ್ತಿಯು ಕಣ್ಣಮುಂದೆಯೇ ಇದೆ. ಆದರೆ ಮೆರವಣಿಗೆಯ ತಲೆಯು ಎಲ್ಲಿಗೆ ಮುಟ್ಟಿತೆಂಬುದು ಅವನಿಗೆ ತಿಳಿಯದು. ಕೆರೆಯ ಏರಿಯ ಮೇಲೆ ಮೊದಲೇ ಬಂದು ಕುಳಿತವನಿಗೆ ನೀರು ಕಾಣುತ್ತದೆಯೇ ಹೊರತು ಗಣಪತಿ ಕಾಣನು. ಉದ್ಯೋಗದ ನಿಮಿತ್ತ ಬೆಂಗಳೂರಿನಲ್ಲಿಯೋ ಸಮುದ್ರದಾಚೆಯಲ್ಲಿಯೋ ನೆಲಸಿ, ಅಂಗೈಯೊಳಗಿನ ಮೊಬೈಲಿನಲ್ಲಿ ಹುಟ್ಟೂರಿನ ಉತ್ಸವವನ್ನು ಕಾಣಲು ಹಂಬಲಿಸುವವರಿಗೆ, ಇದು ಯಾವ ಬೀದಿ, ಈಗ ನಡೆಯುತ್ತಿರುವ ವಿಧಿ ಯಾವುದು ಎಂಬುದನ್ನು ಬರೆಹದಲ್ಲಿಯೂ ಹೇಳಬೇಕಾಗುತ್ತದೆ. ಇಷ್ಟು ಬಗೆಯ ನೋಟಕರಿಗೆ ಒಂದೇ ಚಿತ್ರವನ್ನು ಹಂಚಿ ತೃಪ್ತಿಪಡಿಸುವುದು ಸಾಧ್ಯವಿಲ್ಲವೆಂದೂ, ಒಂದೇ ಸಮಯದಲ್ಲಿ ಹಲವು ಚಿತ್ರಗಳನ್ನು ಬೇರೆಬೇರೆಯಾಗಿ ರಚಿಸಿಕೊಡುವ ಸಾಮರ್ಥ್ಯವು ನೇರ ಪ್ರಸಾರದ ಯಂತ್ರಕ್ಕೆ ಅವಶ್ಯವೆಂದೂ ತೋರಿಸುವುದೇ ಈ ಅಧ್ಯಾಯದ ಉದ್ದೇಶ.

ಈ ಉತ್ಸವಕ್ಕೆ ಆರು ಕ್ಯಾಮೆರಾಗಳನ್ನು ಇರಿಸಿದ್ದೇವೆಂದು ಭಾವಿಸೋಣ: ಗರ್ಭಗುಡಿಯ ಎದುರಿಗೆ ಒಂದು, ದೇವಾಲಯದ ಹೊರಬಾಗಿಲಿಗೆ ಒಂದು, ಬೀದಿಯ ಮಾಳಿಗೆಯೊಂದರ ಮೇಲೆ ಒಂದು, ಮೆರವಣಿಗೆಯೊಡನೆ ಹೆಗಲ ಮೇಲೆ ಸಾಗುವುದು ಒಂದು, ಕೆರೆಯ ಏರಿಯ ಮೇಲೆ ಒಂದು, ಆಕಾಶದಲ್ಲಿ ಡ್ರೋನ್ ಒಂದು. ಇವೆಲ್ಲದರ ಚಿತ್ರಗಳೂ ಬಂದು ಸೇರುವ ಯಂತ್ರವೇ ಸ್ವಿಚರು; ಸ್ಟುಡಿಯೋದವರು ಇದನ್ನು ವಿಷನ್ ಮಿಕ್ಸರ್ ಎಂದೂ ಕರೆಯುವುದುಂಟು. ಇದರ ಮುಖಫಲಕದ ಮೇಲೆ ಗುಂಡಿಗಳ ಸಾಲುಗಳಿರುತ್ತವೆ. ಒಂದೊಂದು ಸಾಲಿಗೂ ಬಸ್ ಎಂದು ಹೆಸರು. ಸಾಲಿನ ಒಂದೊಂದು ಗುಂಡಿಯೂ ಒಂದೊಂದು ಕ್ಯಾಮೆರಾಕ್ಕೆ ಸಲ್ಲುತ್ತದೆ; ಯಾವ ಗುಂಡಿಯನ್ನು ಒತ್ತಿದರೆ ಆ ಕ್ಯಾಮೆರಾದ ಚಿತ್ರವು ಆ ಸಾಲಿನ ಮೂಲಕ ಹೊರಗೆ ಹರಿಯುತ್ತದೆ. ಒಂದು ಸಾಲು ಪ್ರೋಗ್ರಾಂ, ಎಂದರೆ ಈಗ ಪ್ರೇಕ್ಷಕನು ನೋಡುತ್ತಿರುವುದು. ಇನ್ನೊಂದು ಪ್ರಿವ್ಯೂ, ಎಂದರೆ ಮುಂದಿನ ಕ್ಷಣಕ್ಕಾಗಿ ಸಿದ್ಧವಾಗಿ ನಿಂತಿರುವುದು. ಈ ಎರಡು ಸಾಲುಗಳು, ಇವೆರಡನ್ನು ಬೆರೆಸುವ ಸಾಧನ, ಚಿತ್ರದ ಮೇಲೆ ಅಕ್ಷರವನ್ನೋ ಮತ್ತೊಂದು ಚಿತ್ರವನ್ನೋ ಕೂರಿಸುವ ಕೀಗಳು, ಇವಿಷ್ಟೂ ಸೇರಿದ ಘಟಕಕ್ಕೆ ಮಿಕ್ಸ್ ಎಫೆಕ್ಟ್ಸ್ ಎಂದು ಹೆಸರಾಗಿ, ಕೆಲಸಗಾರರ ಬಾಯಲ್ಲಿ ಅದು ಎಂಇ ಎಂದಾಗಿದೆ. ಇನ್ನು ಮುಂದೆ ಸಾಲು ಎಂದಾಗ ಬಹುಮಟ್ಟಿಗೆ ಇಂಥ ಇಡೀ ಎಂಇಯನ್ನೇ ತಿಳಿಯಬೇಕು.

ಬೆರೆಸುವುದೆಂದರೆ ಇಲ್ಲಿ ಶುದ್ಧ ಗಣಿತ. ಹೊರಬಾಗಿಲಿನ ಚಿತ್ರವು ಮೆಲ್ಲಗೆ ಕರಗಿ ಕೆರೆಯ ಚಿತ್ರವು ಮೂಡಬೇಕಾದರೆ, ಪ್ರತಿಯೊಂದು ಬಿಂದುವಿನಲ್ಲಿಯೂ ಮೊದಲನೆಯದರ ನೂರು ಪಾಲಿನಿಂದ ಹೊರಟು, ಎಪ್ಪತ್ತು ಪಾಲಿಗೆ ಎರಡನೆಯದರ ಮೂವತ್ತು, ಐವತ್ತಕ್ಕೆ ಐವತ್ತು, ಹೀಗೆ ಕೂಡುತ್ತ ಹೋಗಿ ಕಡೆಗೆ ಎರಡನೆಯದರ ನೂರಕ್ಕೆ ಮುಟ್ಟಬೇಕು. ಇಂದಿನ ಹೈ ಡೆಫಿನಿಷನ್ ಚಿತ್ರದಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಬಿಂದುಗಳಿದ್ದು, ಸೆಕೆಂಡಿಗೆ 25 ಚಿತ್ರಗಳಂತೆ ಎಣಿಸಿದರೆ ಈ ಕೂಡಿಕೆಯು ಸೆಕೆಂಡಿಗೆ ಐದು ಕೋಟಿಗೂ ಮಿಕ್ಕಿದ ಬಿಂದುಗಳ ಮೇಲೆ ನಡೆಯುತ್ತದೆ. ಒಂದು ಎಂಇ ಇಷ್ಟು ದುಡಿಯುತ್ತದೆ. ಎರಡು ಎಂಇಗಳೆಂದರೆ ಇಷ್ಟೇ ಶ್ರಮವನ್ನು ಬೇರೆಯಾಗಿ, ಬೇರೆ ಚಿತ್ರಗಳ ಮೇಲೆ, ಅದೇ ಕ್ಷಣದಲ್ಲಿ ಮಾಡುವ ಇನ್ನೊಂದು ಗಣಕವೇ ಸರಿ. ಸ್ವಿಚರುಗಳ ಬೆಲೆಯು ಸಾಲುಗಳು ಹೆಚ್ಚಿದಂತೆ ಏರುವುದಕ್ಕೆ ಇದು ಮುಖ್ಯವಾದ ಕಾರಣ.

ಒಂದೇ ಎಂಇ ಇದ್ದಾಗ ಏನು ತೊಡಕು? ಗುಂಡಿ ಒತ್ತಿ ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ನೆಗೆಯುವಷ್ಟು ಮಾತ್ರ ಕೆಲಸವಿದ್ದರೆ ಯಾವ ತೊಡಕೂ ಇಲ್ಲ. ಆದರೆ ಮೆರವಣಿಗೆಯು ದೇವಾಲಯದಿಂದ ಹೊರಟಾಗ, ಪರದೆಯನ್ನು ಇಬ್ಭಾಗಿಸಿ, ಎಡಗಡೆ ಮೆರವಣಿಗೆಯನ್ನೂ ಬಲಗಡೆ ಕೆರೆಯ ಬಳಿ ನಡೆಯುತ್ತಿರುವ ಸಿದ್ಧತೆಯನ್ನೂ ತೋರಿಸಿ, ಎರಡರ ಅಡಿಯಲ್ಲಿಯೂ ಸ್ಥಳದ ಹೆಸರನ್ನು ಬರೆದು, ಹಿಂದುಗಡೆ ಅಲಂಕಾರದ ಹಿನ್ನೆಲೆಯೊಂದನ್ನು ಹಾಸಬೇಕೆಂದು ನಿರ್ದೇಶಕನು ಬಯಸಿದನೆನ್ನಿ. ಹಿನ್ನೆಲೆ, ಎರಡು ಚೌಕಟ್ಟು, ಎರಡು ಹೆಸರಪಟ್ಟಿ, ಹೀಗೆ ಐದು ಪದರಗಳು ಒಂದರ ಮೇಲೊಂದು ಕೂರಬೇಕು. ಇರುವ ಒಂದೇ ಸಾಲು ಆಗಲೇ ಪ್ರಸಾರದಲ್ಲಿ ತೊಡಗಿರುವುದರಿಂದ, ಈ ಪದರಗಳನ್ನು ಪ್ರೇಕ್ಷಕನ ಕಣ್ಣೆದುರಿಗೇ ಜೋಡಿಸಬೇಕಾಗುತ್ತದೆ. ಒಂದು ಚೌಕಟ್ಟು ಮೊದಲು ಬಂದು, ಇನ್ನೊಂದು ತಡವಾಗಿ ಬಂದು, ಹೆಸರು ತಪ್ಪಾದ ಚಿತ್ರದ ಕೆಳಗೆ ಒಂದು ಗಳಿಗೆ ನಿಂತು, ಆಮೇಲೆ ಸರಿಹೋಗುವ ಅಪಾಯವು ಪದೇಪದೇ ಒದಗುತ್ತದೆ.

ಎರಡನೆಯ ಎಂಇ ಇದ್ದರೆ ಈ ಜೋಡಣೆಯೆಲ್ಲ ಪ್ರೇಕ್ಷಕನಿಗೆ ಕಾಣದ ಕಡೆಯಲ್ಲಿ ನಡೆಯುತ್ತದೆ. ಮೊದಲನೆಯ ಎಂಇ ಮಾಳಿಗೆಯ ಕ್ಯಾಮೆರಾವನ್ನು ಶಾಂತವಾಗಿ ತೋರಿಸುತ್ತಿರುವಾಗ, ಎರಡನೆಯದರಲ್ಲಿ ಐದು ಪದರಗಳನ್ನೂ ಕೂರಿಸಿ, ಅಕ್ಷರದ ಕಾಗುಣಿತವನ್ನು ಓದಿ ತಿದ್ದಿ, ಚೌಕಟ್ಟಿನ ಅಂಚಿನಲ್ಲಿ ಗಣಪತಿಯ ಕಿರೀಟವು ಕತ್ತರಿಸಿಹೋಗದಂತೆ ಕ್ಯಾಮೆರಾದವನಿಗೆ ಹೇಳಿ, ಎಲ್ಲವೂ ಒಪ್ಪವಾದ ಮೇಲೆ, ಆ ಎರಡನೆಯ ಎಂಇಯ ಇಡೀ ಫಲವನ್ನೇ ಒಂದು ಕ್ಯಾಮೆರಾ ಎಂಬಂತೆ ಮೊದಲನೆಯ ಸಾಲಿನ ಒಂದು ಗುಂಡಿಗೆ ತಂದುಕೊಳ್ಳಬಹುದು. ಗುಂಡಿಯೊಂದನ್ನು ಒತ್ತಿದರೆ ಐದು ಪದರಗಳೂ ಏಕಕಾಲದಲ್ಲಿ ಬರುತ್ತವೆ. ಮತ್ತೊಂದನ್ನು ಒತ್ತಿದರೆ ಏಕಕಾಲದಲ್ಲಿ ಹೋಗುತ್ತವೆ. ಒಂದು ಸಾಲಿನ ಫಲವು ಇನ್ನೊಂದು ಸಾಲಿಗೆ ಮೂಲವಾಗಿ ಮರಳಿ ಪ್ರವೇಶಿಸುವ ಈ ಏರ್ಪಾಡಿಗೆ ರೀ-ಎಂಟ್ರಿ ಎಂದು ಹೆಸರು. ಬಹು ಸಾಲುಗಳ ಪ್ರಯೋಜನಗಳಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ತೋರುವುದು ಇದೇ. ಏಕೆಂದರೆ ನೇರ ಪ್ರಸಾರದಲ್ಲಿ ತಿದ್ದುಪಡಿಗೆ ಎರಡನೆಯ ಅವಕಾಶವಿಲ್ಲ, ಗಣಪತಿಯು ಕೆರೆಗೆ ಇಳಿಯುವ ಕ್ಷಣವು ವರ್ಷಕ್ಕೊಮ್ಮೆ ಮಾತ್ರ ಬರತಕ್ಕದ್ದು.

ಇಂದು ಸುಲಭವಾಗಿ ಕಾಣುವ ಈ ಮರುಪ್ರವೇಶವು ಹಿಂದಿನ ಇಂಜಿನಿಯರುಗಳನ್ನು ಬಹಳ ಕಾಡಿದ ಸಮಸ್ಯೆ. ಎರಡು ಚಿತ್ರಗಳನ್ನು ಬೆರೆಸಬೇಕಾದರೆ ಅವೆರಡರ ಮೊದಲ ಗೆರೆಯ ಮೊದಲ ಬಿಂದುವು ಸ್ವಿಚರಿಗೆ ಒಂದೇ ಕ್ಷಣದಲ್ಲಿ ಬಂದು ಮುಟ್ಟಬೇಕು. ಅದಕ್ಕಾಗಿ ಎಲ್ಲ ಕ್ಯಾಮೆರಾಗಳನ್ನೂ ಒಂದೇ ತಾಳಕ್ಕೆ ಕಟ್ಟುವ ಪದ್ಧತಿಯು ಜೆನ್‌ಲಾಕ್. ಭಾರತವು ಅನುಸರಿಸಿದ 625 ಗೆರೆಗಳ ಪಾಲ್ ಪದ್ಧತಿಯಲ್ಲಿ ಬಣ್ಣದ ಮಾಹಿತಿಯು ಸೆಕೆಂಡಿಗೆ ಸುಮಾರು 44 ಲಕ್ಷ 33 ಸಾವಿರ ಬಾರಿ ಕಂಪಿಸುವ ಉಪತರಂಗವೊಂದರ ಮೇಲೆ ಸವಾರಿಮಾಡುತ್ತಿತ್ತು. ಆ ತರಂಗದ ಒಂದು ಸುತ್ತಿಗೆ ಸುಮಾರು 225 ನ್ಯಾನೋಸೆಕೆಂಡುಗಳು. ಸುತ್ತಿನ 360 ಅಂಶಗಳಲ್ಲಿ ಒಂದೇ ಒಂದು ಅಂಶವು ಸರಿಯುವುದಕ್ಕೆ, ಸಾಧಾರಣವಾದ ಕೇಬಲ್ಲಿನಲ್ಲಿ ಒಂದು ಗೇಣಿಗೂ ಕಡಮೆಯಾದ ಉದ್ದ, ಸುಮಾರು 12 ಸೆಂಟಿಮೀಟರು, ಹೆಚ್ಚಾದರೆ ಸಾಕು. ಎಂಇಯೊಂದರ ಒಳಗೆ ಹಾದುಬರುವ ಚಿತ್ರವು ನೇರವಾಗಿ ಬಂದ ಚಿತ್ರಕ್ಕಿಂತ ಇದರ ಎಷ್ಟೋ ಪಾಲು ತಡವಾಗಿ ಬರುವುದರಿಂದ, ನೇರವಾಗಿ ಬರುವ ಚಿತ್ರಗಳನ್ನೂ ಬೇಕೆಂದೇ ಸುರುಳಿ ಸುತ್ತಿದ ಕೇಬಲ್ಲುಗಳಲ್ಲಿಯೂ ವಿಳಂಬಕ ಮಂಡಲಗಳಲ್ಲಿಯೂ ಹಾಯಿಸಿ ತಡಮಾಡಿಸಬೇಕಾಗುತ್ತಿತ್ತು. ಹೀಗೆ ಮಾಡದೆ ಹೋದರೆ ಬಣ್ಣ ಕೆಡುತ್ತಿತ್ತು. ಪಾಲ್ ಪದ್ಧತಿಯ ಗುಣದಿಂದ ಛಾಯೆಯು ಬದಲಾಗುವುದಕ್ಕಿಂತ ಹೆಚ್ಚಾಗಿ ಪೇಲವವಾಗುತ್ತಿತ್ತು. 1959ರಲ್ಲಿ ಡೊನಾಲ್ಡ್ ಹೇರ್ ಎಂಬವರು ಕ್ಯಾಲಿಫೋರ್ನಿಯಾದ ಗ್ರಾಸ್ ವ್ಯಾಲಿ ಎಂಬ ಊರಿನಲ್ಲಿ ಆರಂಭಿಸಿ, ಊರಿನ ಹೆಸರನ್ನೇ ಧರಿಸಿದ ಕಂಪನಿಯು, ಮುಂದೆ ಇಂಥ ಸ್ವಿಚರುಗಳಿಂದಲೇ ಪ್ರಪಂಚದ ಸ್ಟುಡಿಯೋಗಳಲ್ಲೆಲ್ಲ ಹೆಸರಾಯಿತು. ಚಿತ್ರವು ಅಂಕಿಗಳಾಗಿ ಪರಿವರ್ತನೆಗೊಂಡ ಮೇಲೆ, ತಡವಾದ ಚಿತ್ರವನ್ನೂ ಬೇಗನೆ ಬಂದ ಚಿತ್ರವನ್ನೂ ಸ್ಮೃತಿಯಲ್ಲಿ ಹಿಡಿದು ಸರಿಗೂಡಿಸುವುದು ಸಾಧ್ಯವಾಗಿ, ನಾಲ್ಕು ಎಂಇಗಳ ಸ್ವಿಚರುಗಳು ಒಂದು ಮೇಜಿನ ಮೇಲೆ ಹಿಡಿಸುವಂತಾದವು.

ಪ್ರೇಕ್ಷಕರ ಭೇದವನ್ನು ಕುರಿತ ವಿಚಾರಕ್ಕೆ ಈಗ ಬರೋಣ. ಕನ್ನಡಿಗರ ಮಟ್ಟಿಗೆ ಈ ಪ್ರಶ್ನೆಯು ದೂರದರ್ಶನದಷ್ಟೇ ಹಳೆಯದು. 1975ರ ಆಗಸ್ಟ್ 1ರಿಂದ ಒಂದು ವರ್ಷದ ಕಾಲ, ಅಮೆರಿಕದ ಎಟಿಎಸ್-6 ಉಪಗ್ರಹದ ನೆರವಿನಿಂದ, ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಕಾರ್ಯಕ್ರಮಗಳನ್ನು ಕಳುಹಿಸಿದ ಸೈಟ್ ಎಂಬ ಪ್ರಯೋಗದಲ್ಲಿ ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಸೇರಿದ್ದವು. ಆ ಉಪಗ್ರಹವು ಒಂದು ಚಿತ್ರದೊಡನೆ ಎರಡು ಧ್ವನಿಮಾರ್ಗಗಳನ್ನು ಒಯ್ಯಬಲ್ಲುದಾಗಿತ್ತು. ಆದುದರಿಂದ ಒಂದೇ ಚಿತ್ರಕ್ಕೆ ಎರಡು ಭಾಷೆಗಳ ಮಾತನ್ನು ಜೋಡಿಸಿ ಕಳುಹಿಸುವ ಅನುಕೂಲವಿತ್ತು. ಕೇಳುವವರು ಬೇರೆಬೇರೆ ಎಂಬುದನ್ನು ಆ ಕಾಲದ ಯಂತ್ರವು ಒಪ್ಪಿಕೊಂಡಿತ್ತು. ನೋಡುವವರು ಬೇರೆಬೇರೆ ಎಂಬುದನ್ನು ಒಪ್ಪಿಕೊಳ್ಳುವಷ್ಟು ಶಕ್ತಿ ಅದಕ್ಕೆ ಇನ್ನೂ ಬಂದಿರಲಿಲ್ಲ.

ಒಂದೇ ಮೂಲವನ್ನು ಬೇರೆಬೇರೆಯವರಿಗೆ ಬೇರೆಬೇರೆಯಾಗಿ ಹಂಚುವುದು ಗೂಳೂರಿನ ಸುತ್ತಣ ರೈತನಿಗೆ ಕಷ್ಟವಾದ ವಿಷಯವಲ್ಲ: ಕೆರೆಗೆ ಒಂದೇ ತೂಬಿದ್ದರೆ ಗದ್ದೆಗೂ ತೋಟಕ್ಕೂ ಒಂದೇ ಅಳತೆಯ ನೀರು, ಒಂದೇ ಹೊತ್ತಿಗೆ, ತೂಬುಗಳು ಎರಡು ಮೂರಿದ್ದರೆ ಅದೇ ನೀರನ್ನು ಆಯಾ ಬೆಳೆಯ ಅವಶ್ಯಕತೆಗೆ ತಕ್ಕಂತೆ ಬಿಡಬಹುದು. ಆರು ಕ್ಯಾಮೆರಾಗಳ ಚಿತ್ರವೆಲ್ಲ ಸ್ವಿಚರಿಗೆ ಬಂದೇ ಇದೆ. ಅದನ್ನು ಎಷ್ಟು ಬಗೆಯಾಗಿ ಹೊರಗೆ ಬಿಡಬಹುದೆಂಬುದು ಸಾಲುಗಳ ಸಂಖ್ಯೆಯನ್ನು ಅವಲಂಬಿಸಿದೆ.

ಉತ್ಸವದ ಬಯಲಿನಲ್ಲಿ ನಿಲ್ಲಿಸಿದ ಎಲ್‌ಇಡಿ ಪರದೆಯನ್ನೇ ತೆಗೆದುಕೊಳ್ಳೋಣ. ಜನಸಂದಣಿಯ ಸಮಾರಂಭಗಳಲ್ಲಿ ಇಂಥ ಪರದೆಯು ಎಷ್ಟು ಆವಶ್ಯಕವೆಂಬುದನ್ನು ತುಮಕೂರಿನವರು ಚೆನ್ನಾಗಿ ಬಲ್ಲರು, ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳ ಅಂತ್ಯವಿಧಿಗಳು 2019ರ ಜನವರಿ 22ರಂದು ನಡೆದಾಗ, ಮಠದ ಆವರಣವನ್ನು ತುಂಬಿ ಹೊರಚೆಲ್ಲಿದ ಜನಸಾಗರದಲ್ಲಿ ಎಷ್ಟೋ ಮಂದಿ ಆ ದೃಶ್ಯವನ್ನು ಪರದೆಗಳ ಮೇಲೆಯೇ ಕಂಡರು. ಮನೆಯ ಟಿ.ವಿ.ಗೆ ಹೋಗುವ ಚಿತ್ರವನ್ನೇ ಬಯಲಿನ ಪರದೆಗೂ ಕೊಟ್ಟರೆ ಮೂರು ಬಗೆಯ ಅನರ್ಥಗಳು ಹುಟ್ಟುತ್ತವೆ. ಮನೆಯ ಪ್ರೇಕ್ಷಕನಿಗೆ ಜನಸಮೂಹದ ವಿಸ್ತಾರವನ್ನು ತೋರಿಸಲೆಂದು ಕ್ಯಾಮೆರಾವು ಬಯಲಿನ ಕಡೆಗೆ ತಿರುಗಿದಾಗ, ಚಿತ್ರದಲ್ಲಿ ಪರದೆಯೂ, ಪರದೆಯೊಳಗೆ ಅದೇ ಚಿತ್ರವೂ, ಅದರೊಳಗೆ ಮತ್ತೊಂದು ಪರದೆಯೂ ಕೊನೆಯಿಲ್ಲದ ಮೊಗಸಾಲೆಯಂತೆ ತೋರುತ್ತವೆ. ಬಯಲಿನಲ್ಲಿ ನಿಂತವನಿಗೆ ಬಯಲಿನ ಚಿತ್ರದಿಂದ ಪ್ರಯೋಜನವೂ ಇಲ್ಲ. ಅವನಿಗೆ ಬೇಕಾದದ್ದು ತನ್ನ ಕಣ್ಣಿಗೆ ಎಟುಕದ ಸಮೀಪದೃಶ್ಯ. ಇನ್ನು, ಅವನಿಗೆ ಓದಲು ಬೇಕಾದ ಬರೆಹವೇ ಬೇರೆ: ಮನೆಯವನಿಗೆ ವಿಧಿಯ ಹೆಸರು ಬೇಕಾದರೆ, ಇವನಿಗೆ ಸಿಡಿಮದ್ದು ಹಚ್ಚುವ ಜಾಗದಿಂದ ದೂರ ನಿಲ್ಲಿರೆಂಬ ಎಚ್ಚರಿಕೆ, ತಪ್ಪಿಸಿಕೊಂಡ ಮಗುವಿನ ಪ್ರಕಟಣೆ, ಹೊರಹೋಗುವ ದಾರಿಯ ಬಾಣ ಬೇಕು. ಎರಡನೆಯ ಎಂಇಯನ್ನು ಬಯಲಿನ ಪರದೆಗೆಂದೇ ಮೀಸಲಿಟ್ಟರೆ, ಈ ಮೂರೂ ಒಂದೇ ಬಾರಿಗೆ ಪರಿಹಾರವಾಗುತ್ತವೆ.

ಕಾಲವಿಳಂಬದ ಸೂಕ್ಷ್ಮವೊಂದನ್ನೂ ಇಲ್ಲಿಯೇ ಹೇಳಬೇಕು. ಸೆಕೆಂಡಿಗೆ 25 ಚಿತ್ರಗಳೆಂದಾಗ ಒಂದು ಚಿತ್ರದ ಅವಧಿ 40 ಮಿಲಿಸೆಕೆಂಡು. ಕ್ಯಾಮೆರಾದಿಂದ ಬರುವ ಸಂಪರ್ಕದಲ್ಲಿ ಒಂದು, ಸ್ವಿಚರಿನಲ್ಲಿ ಒಂದು, ಪರದೆಯ ಸಂಸ್ಕಾರಕದಲ್ಲಿ ಒಂದು, ಹೀಗೆ ಮೂರು ಚಿತ್ರಗಳಷ್ಟು ತಡವಾದರೆ 120 ಮಿಲಿಸೆಕೆಂಡು. ಅಷ್ಟರೊಳಗೆ ಶಬ್ದವು ಗಾಳಿಯಲ್ಲಿ ಸುಮಾರು 40 ಮೀಟರು ಸಾಗಿರುತ್ತದೆ. ಡೊಳ್ಳಿನ ಹತ್ತಿರದಲ್ಲೇ ನಿಂತು ಪರದೆಯನ್ನು ನೋಡುವವನಿಗೆ, ಕೋಲು ಬೀಳುವ ಮೊದಲೇ ಸದ್ದು ಕೇಳಿದಂತಾಗುತ್ತದೆ. ಚಿತ್ರವನ್ನು ಕುಗ್ಗಿಸಿ ತಿರುಗಿಸುವ ಡಿಜಿಟಲ್ ಚಮತ್ಕಾರಗಳಲ್ಲಿ ಅನೇಕವು ಇನ್ನಷ್ಟು ವಿಳಂಬವನ್ನು ಕೂಡಿಸುತ್ತವೆ; ಮನೆಯ ಪ್ರೇಕ್ಷಕನಿಗೆ ಧ್ವನಿಯನ್ನೂ ಅಷ್ಟೇ ತಡಮಾಡಿ ಕಳುಹಿಸಬಹುದು, ಬಯಲಿನ ಡೊಳ್ಳನ್ನು ತಡಮಾಡುವುದು ಯಾರಿಂದಲೂ ಆಗದು. ಆದುದರಿಂದ ಬಯಲಿನ ಸಾಲನ್ನು ಚಮತ್ಕಾರಗಳಿಲ್ಲದೆ ಸರಳವಾಗಿಡುವುದೂ, ಅಲಂಕಾರವನ್ನೆಲ್ಲ ಪ್ರಸಾರದ ಸಾಲಿಗೆ ಬಿಡುವುದೂ ಉಚಿತ.

ಮೊಬೈಲಿನಲ್ಲಿ ನೋಡುವವರದು ಇನ್ನೊಂದು ಪ್ರಪಂಚ. ಅವರು ಯಂತ್ರವನ್ನು ನಿಲುವಾಗಿ ಹಿಡಿಯುವರು. ಅಡ್ಡಲಾದ ಚಿತ್ರದಿಂದ ನಿಲುವಾದ ಚಿತ್ರವನ್ನು ಕತ್ತರಿಸಿದರೆ 1920 ಬಿಂದುಗಳಲ್ಲಿ ಸುಮಾರು 608 ಮಾತ್ರ ಉಳಿಯುತ್ತವೆ, ಎಂದರೆ ಮೂರರಲ್ಲಿ ಒಂದು ಪಾಲಿಗೂ ಕಡಮೆ. ಎತ್ತರವಾಗಿ ಕುಳಿತ ಗಣಪತಿಗೆ ಈ ನಿಲುವಾದ ಚೌಕಟ್ಟು ಎಷ್ಟು ಒಪ್ಪುವುದೋ, ಉದ್ದವಾಗಿ ಹರಿಯುವ ಮೆರವಣಿಗೆಗೆ ಅಷ್ಟೇ ಒಪ್ಪುವುದಿಲ್ಲ. ಯಾವ ಕ್ಯಾಮೆರಾವನ್ನು ಯಾವಾಗ ಆರಿಸಬೇಕು, ಅದರ ಯಾವ ಭಾಗವನ್ನು ಉಳಿಸಬೇಕು ಎಂಬ ತೀರ್ಮಾನವು ಪ್ರತ್ಯೇಕವಾದುದಾಗಿ, ಅದಕ್ಕೆ ಪ್ರತ್ಯೇಕವಾದ ಸಾಲೂ, ಸಾಧ್ಯವಾದರೆ ಪ್ರತ್ಯೇಕವಾದ ಒಬ್ಬ ಮನುಷ್ಯನೂ ಬೇಕಾಗುತ್ತದೆ.

ಈಗ ತುಮಕೂರು, ಗುಬ್ಬಿ, ಕುಣಿಗಲ್ಲುಗಳ ಕಲ್ಯಾಣಮಂಟಪಗಳಲ್ಲಿ ಮದುವೆಯ ಮುಹೂರ್ತವನ್ನು ಪರದೆಗೂ ಯೂಟ್ಯೂಬಿಗೂ ಏಕಕಾಲದಲ್ಲಿ ಒದಗಿಸುವ ಛಾಯಾಗ್ರಾಹಕರು ಬಳಸುವುದು ಬಹುಮಟ್ಟಿಗೆ ಒಂದೇ ಎಂಇಯುಳ್ಳ ಚಿಕ್ಕ ಸ್ವಿಚರುಗಳನ್ನು. 2019ರಲ್ಲಿ ಬಂದ ಎಟೆಮ್ ಮಿನಿಯಂಥವು ಈ ವೃತ್ತಿಯನ್ನು ಸಣ್ಣ ಊರುಗಳಿಗೂ ಮುಟ್ಟಿಸಿದ ಉಪಕಾರವನ್ನು ಮರೆಯಲಾಗದು. ಇಂಥ ಯಂತ್ರಗಳಲ್ಲಿ ಕೆಲವಕ್ಕೆ ಆಕ್ಸ್ ಎಂಬ ಹೆಚ್ಚಿನ ಹೊರದಾರಿಯಿರುತ್ತದೆ. ಇದನ್ನು ಎಂಇಗೆ ಸಮಾನವೆಂದು ತಿಳಿಯಬಾರದು. ಆಕ್ಸ್ ಎಂಬುದು ಆರಿಸಿಕೊಡಬಲ್ಲದು, ಬೆರೆಸಲಾರದು. ಒಂದು ಕ್ಯಾಮೆರಾದಿಂದ ಇನ್ನೊಂದಕ್ಕೆ ಥಟ್ಟನೆ ನೆಗೆಯಬಲ್ಲದು, ಮೆಲ್ಲಗೆ ಕರಗಲಾರದು. ತನ್ನದೇ ಆದ ಅಕ್ಷರವನ್ನು ಚಿತ್ರದ ಮೇಲೆ ಕೂರಿಸಲಾರದು. ಎರಡನೆಯ ಎಂಇ ಕೊಳ್ಳುವ ಶಕ್ತಿಯಿಲ್ಲದವರಿಗೆ ಆಕ್ಸ್ ಒಳ್ಳೆಯ ಆಶ್ರಯವೇ ಆದರೂ, ಬಯಲಿನ ಪರದೆಯಲ್ಲಿ ಎಚ್ಚರಿಕೆಯ ಬರೆಹ ಬೇಕೆಂದ ಕೂಡಲೇ ಅದರ ಮಿತಿಯು ತೋರಿಬರುತ್ತದೆ.

ಸಾಲುಗಳು ಹೆಚ್ಚಿದಂತೆ ಜವಾಬ್ದಾರಿಯೂ ಹೆಚ್ಚುತ್ತದೆ. ಕ್ಯಾಮೆರಾದ ಮೇಲಿನ ಟ್ಯಾಲಿ ಎಂಬ ಕೆಂಪುದೀಪವು, ಈಗ ನಿನ್ನ ಚಿತ್ರವೇ ಪ್ರಸಾರದಲ್ಲಿದೆ, ಅಲುಗಬೇಡ ಎಂದು ಕ್ಯಾಮೆರಾದವನಿಗೆ ತಿಳಿಸತಕ್ಕದ್ದು. ಒಂದೇ ಸಾಲಿದ್ದಾಗ ಈ ದೀಪದ ತರ್ಕ ಸುಲಭ. ಆದರೆ ಏರಿಯ ಮೇಲಿನ ಕ್ಯಾಮೆರಾವು ಎರಡನೆಯ ಎಂಇಯ ಚೌಕಟ್ಟೊಂದರಲ್ಲಿದ್ದು, ಆ ಎಂಇಯು ಮೊದಲನೆಯದರೊಳಗೆ ಪ್ರವೇಶಿಸಿ ಪ್ರಸಾರವಾಗುತ್ತಿರುವಾಗ, ಯಂತ್ರವು ಹಿಂದಕ್ಕೆ ಹೆಜ್ಜೆ ಹೆಜ್ಜೆಯಾಗಿ ಹುಡುಕಿಕೊಂಡು ಹೋಗಿ ಆ ದೂರದ ದೀಪವನ್ನೂ ಹೊತ್ತಿಸಬೇಕು. ಹೊತ್ತದೆ ಹೋದರೆ, ತಾನು ಬಿಡುವಾಗಿದ್ದೇನೆಂದು ಭಾವಿಸಿದ ಕ್ಯಾಮೆರಾದವನು ಸ್ಥಳ ಬದಲಿಸಲು ಹೊರಟು, ನಾಡಿನ ಕಣ್ಣೆದುರಿಗೆ ಕೆರೆಯೇ ತಿರುಗಿಬಿದ್ದಂತೆ ಕಾಣುತ್ತದೆ. ಹಾಗೆಯೇ ಮೊದಲನೆಯದು ಎರಡನೆಯದರೊಳಗೆ, ಎರಡನೆಯದು ಮೊದಲನೆಯದರೊಳಗೆ ಪರಸ್ಪರ ಹೊಕ್ಕರೆ ಚಿತ್ರವು ತನ್ನನ್ನೇ ನುಂಗುವ ಆವರ್ತವಾಗುತ್ತದೆ. ಯಾವ ಸಾಲು ಯಾವುದಕ್ಕೆ ಮೂಲವೆಂಬುದನ್ನು ಉತ್ಸವಕ್ಕೆ ಮುಂಚೆಯೇ ಕಾಗದದ ಮೇಲೆ ಬರೆದು ನಿಶ್ಚಯಿಸಿಕೊಳ್ಳುವುದು ಅನುಭವಿಗಳ ವಾಡಿಕೆ. ನಾಲ್ಕು ಸಾಲುಗಳನ್ನು ಒಬ್ಬನ ಎರಡು ಕೈಗಳಿಗೆ ಒಪ್ಪಿಸುವುದಂತೂ ನ್ಯಾಯವಲ್ಲ. ಬಯಲಿನ ಸಾಲಿಗೆ ಬೇರೆ ಫಲಕವನ್ನಿಟ್ಟು, ಊರಿನ ಬೀದಿಗಳನ್ನು ಬಲ್ಲ ಒಬ್ಬ ಹುಡುಗನನ್ನು ಅಲ್ಲಿ ಕೂರಿಸಿದರೆ, ನಿರ್ದೇಶಕನು ಪ್ರಸಾರದ ಕಡೆಗೆ ಪೂರ್ಣವಾಗಿ ಮನಸ್ಸಿಡಬಹುದು.

ಕಡೆಯದಾಗಿ, ಯಾವ ಬರೆಹವೂ ಲಾಂಛನವೂ ಇಲ್ಲದ ಚಿತ್ರಕ್ಕೆ ಮೀಸಲಾದ ಸಾಲೊಂದಿದೆ. ಇದರ ಫಲಕ್ಕೆ ಕ್ಲೀನ್ ಫೀಡ್ ಎಂದು ಹೆಸರು. ಮೈಸೂರಿನ ದಸರೆಯಂದು ಅರಮನೆಯಿಂದ ಬನ್ನಿಮಂಟಪಕ್ಕೆ ಸಾಗುವ ಜಂಬೂಸವಾರಿಯಂಥ ಉತ್ಸವದ ಚಿತ್ರವನ್ನು ಒಂದು ವಾಹಿನಿಯು ಇನ್ನೊಂದಕ್ಕೆ ಕೊಡಬೇಕಾದಾಗ, ಪಡೆದವರು ತಮ್ಮ ಭಾಷೆಯ ಹೆಸರಪಟ್ಟಿಯನ್ನು ತಾವೇ ಹಾಕಿಕೊಳ್ಳಲು ಬರುವುದು ಇಂಥ ಶುದ್ಧವಾದ ಸಾಲಿನಿಂದ ಮಾತ್ರ. ಗೂಳೂರಿನಲ್ಲಿ ಅದಕ್ಕೆ ಇನ್ನೂ ಮಿಗಿಲಾದ ಕಾರಣವುಂಟು. ಬೇರೆಡೆಯ ಶಿಲಾಮೂರ್ತಿಗಳು ನೂರಾರು ವರ್ಷ ನಿಂತಿರುತ್ತವೆ. ಇಲ್ಲಿಯ ಮೂರ್ತಿಯು ಆಯಾ ವರ್ಷದ ಕೈಗಳಿಂದ ಹುಟ್ಟಿ ಆ ವರ್ಷವೇ ನೀರಾಗುವುದರಿಂದ, ಅದರ ಮುಖಭಾವ, ಆಭರಣಗಳ ಕೆತ್ತನೆ, ಬಣ್ಣದ ಹದ ಇವೆಲ್ಲಕ್ಕೂ ಉಳಿಯತಕ್ಕ ದಾಖಲೆಯೆಂದರೆ ಚಿತ್ರವೊಂದೇ. ಒಮ್ಮೆ ಬರೆಹ ಬಿದ್ದ ಚಿತ್ರದಿಂದ ಆ ಬರೆಹವನ್ನು ತೆಗೆದು ಅಡಿಯಲ್ಲಿದ್ದುದನ್ನು ಮರಳಿ ಪಡೆಯುವುದು ಸಾಧ್ಯವಿಲ್ಲ. ಮೂರ್ತಿಯ ಪಾದಪೀಠವಿದ್ದ ಕಡೆಯಲ್ಲಿ ಜಾಹೀರಾತಿನ ಪಟ್ಟಿಯಿದ್ದರೆ, ಐವತ್ತು ವರ್ಷಗಳ ಮೇಲೆ ಆ ಪೀಠವನ್ನು ನೋಡಬಯಸಿದ ಶಿಲ್ಪಿಗೆ ಪಟ್ಟಿಯೇ ಕಾಣುವುದು. ಸೆಕೆಂಡಿಗೆ 50 ಮೆಗಾಬಿಟ್ ದರದಲ್ಲಿ ಮುದ್ರಿಸಿದರೂ ಗಂಟೆಗೆ 22.5 ಗಿಗಾಬೈಟ್, ಹತ್ತು ಗಂಟೆಯ ಉತ್ಸವಕ್ಕೆ 225 ಗಿಗಾಬೈಟ್ ಮಾತ್ರ ಆಗುವುದರಿಂದ, ಇದು ಅಂಗೈಯಗಲದ ಒಂದು ಡಿಸ್ಕಿನಲ್ಲಿ ಧಾರಾಳವಾಗಿ ಹಿಡಿಸುತ್ತದೆ. ನೇರ ಪ್ರಸಾರದವರೊಡನೆ ಕರಾರು ಮಾಡಿಕೊಳ್ಳುವ ಯಾವ ಊರಿನ ಉತ್ಸವ ಸಮಿತಿಯೇ ಆಗಲಿ, ಎಷ್ಟು ಕ್ಯಾಮೆರಾ ತರುವಿರಿ ಎಂದು ಕೇಳುವಾಗಲೇ, ಬರೆಹವಿಲ್ಲದ ಸಾಲನ್ನು ಬೇರೆಯಾಗಿ ಮುದ್ರಿಸಿ ಅದರ ಒಂದು ಪ್ರತಿಯನ್ನು ದೇವಾಲಯಕ್ಕೆ ಒಪ್ಪಿಸುವಿರಾ ಎಂದೂ ಕೇಳಬೇಕು.